ಕ್ರೈಸ್ತ ವಿಶ್ವಾಸದ ಕಠಿಣ ಪ್ರಶ್ನೆಗಳಿಗೆ ಅಂತರಜಾಲದಲ್ಲಿ ಉತ್ತರ ಹುಡುಕುವ ಬಗೆ

ಒಂದು ಭಾನುವಾರ, ದೇವರ ಆಜ್ಞೆಯಂತೆ ಇಸ್ರಾಯೇಲ್ಯರು ಯೆರಿಕೋ ಊರಿನವರನ್ನು ಚಿಕ್ಕವರು ದೊಡ್ಡವರೆನ್ನದೆ ಕೊಂದರೆಂದು ಹೇಳುವ ಯೆಹೋಶುವನ ಗ್ರಂಥದ ಆರನೆಯ ಅಧ್ಯಾಯವನ್ನು ಮಕ್ಕಳಿಗೆ ಪಾಠ ಮಾಡಿ ಮುಗಿಸಿದಾಗ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಯೆರಿಕೋವಿನ ಗೋಡೆ ಬಿದ್ದದ್ದು ಸರಿ, ಆದರೆ ಊರೊಳಗಿದ್ದ ಚಿಕ್ಕಮಕ್ಕಳು ಏನು ತಪ್ಪು ಮಾಡಿದ್ದರು?” ಎಂದು ಕೇಳಿದ. ದೇವರ ಮಾರ್ಗಗಳು ನಮಗೆ ತಿಳಿಯವು ಎಂದು ಹೇಳಿ ನಾನು ಅವನನ್ನು ಕೂರಿಸಿದೆ. ಅವನು ಕುಳಿತನಾದರೂ ಅವನ ಮುಖ ಒಪ್ಪಿದಂತೆ ಕಾಣಲಿಲ್ಲ, ನನಗೂ ನನ್ನ ಮಾತು ರುಚಿಸಲಿಲ್ಲ. ಆ ರಾತ್ರಿ ಮೊಬೈಲ್‌ನಲ್ಲಿ ಅದೇ ಪ್ರಶ್ನೆಯನ್ನು ಟೈಪ್ ಮಾಡಿದಾಗ ಅರ್ಧ ಗಂಟೆಯೊಳಗೆ ಹತ್ತು ಉತ್ತರಗಳು ಸಿಕ್ಕವು. ಅವುಗಳಲ್ಲಿ ಒಂದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಮತ್ತು ಪ್ರತಿಯೊಂದನ್ನೂ ಬರೆದವರು ಇದು ಬಹಳ ಸುಲಭವಾದ ಪ್ರಶ್ನೆ ಎಂಬಂತೆ ಬರೆದಿದ್ದರು. ಆ ಹುಡುಗನ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಾನು ಕಲಿತ ಹುಡುಕುವ ಕ್ರಮವನ್ನು, ಅದೇ ದಾರಿಯಲ್ಲಿ ನಿಂತಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸವನ್ನು ಮೊಬೈಲ್ ಕೆಳಗಿಟ್ಟು ಮಾಡಬೇಕು. ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಪೂರ್ಣ ವಾಕ್ಯದಲ್ಲಿ ಬರೆದು, ಅದರೊಳಗೆ ಎಷ್ಟು ಪ್ರಶ್ನೆಗಳು ಅಡಗಿವೆ ಎಂದು ಬಿಡಿಸಿ ನೋಡಬೇಕು. ಯೆರಿಕೋವಿನ ಪ್ರಶ್ನೆಯಲ್ಲೇ ನಾಲ್ಕು ಇವೆ: ಮೂಲಪಾಠ ನಿಜವಾಗಿ ಏನು ಹೇಳುತ್ತದೆ, ಹೇಳಿದಂತೆಯೇ ಅದು ನಡೆಯಿತೇ, ನಡೆದಿದ್ದರೆ ಅದು ನ್ಯಾಯವೇ, ಮತ್ತು ಯೇಸುವಿನಲ್ಲಿ ನಾವು ಕಾಣುವ ದೇವರಿಗೂ ಈ ಆಜ್ಞೆಗೂ ಏನು ಸಂಬಂಧ. ಮೊದಲನೆಯದಕ್ಕೆ ಭಾಷೆ ಮತ್ತು ವ್ಯಾಖ್ಯಾನ ಬಲ್ಲವರು ಬೇಕು, ಎರಡನೆಯದಕ್ಕೆ ಉತ್ಖನನ ಮಾಡಿದವರು, ಮೂರನೆಯದಕ್ಕೆ ತತ್ತ್ವಶಾಸ್ತ್ರ ಓದಿದವರು, ನಾಲ್ಕನೆಯದಕ್ಕೆ ದೇವತಾಶಾಸ್ತ್ರಜ್ಞರು. ಒಬ್ಬರೇ ಒಂದೇ ಪುಟದಲ್ಲಿ ನಾಲ್ಕಕ್ಕೂ ಉತ್ತರ ಕೊಟ್ಟಿದ್ದರೆ ಅವುಗಳಲ್ಲಿ ಯಾವುದೋ ಒಂದರ ಮೇಲೆ ಅವರು ಜಾರಿಕೊಂಡು ಹೋಗಿರುತ್ತಾರೆ ಎಂಬುದು ನನ್ನ ಅನುಭವ.

ಈ ವಿಂಗಡಣೆಗೆ ಇನ್ನೊಂದು ಕಾರಣವೂ ಇದೆ. ಕೆಲವು ಪ್ರಶ್ನೆಗಳು ಪ್ರಶ್ನೆಯ ರೂಪದಲ್ಲಿರುವ ಅಳು. ಮಗುವನ್ನು ಕಳೆದುಕೊಂಡ ತಾಯಿ ನಡುರಾತ್ರಿ “ದೇವರು ಯಾಕೆ ಹೀಗೆ ಮಾಡಿದ” ಎಂದು ಹುಡುಕುವಾಗ ಅವಳಿಗೆ ತರ್ಕದ ಲೇಖನ ಸಿಕ್ಕರೆ ಅದು ಗಾಯದ ಮೇಲೆ ಉಪ್ಪು ಸುರಿದಂತೆ. ಯೋಬನ ಸ್ನೇಹಿತರು ಏಳು ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಕಾಲ ಸರಿಯಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ತಪ್ಪಿದರು. ನೀವು ಅಂಥ ಸ್ಥಿತಿಯಲ್ಲಿದ್ದರೆ, ಕತ್ತಲೆಯಲ್ಲೇ ಕೊನೆಗೊಳ್ಳುವ 88ನೆಯ ಕೀರ್ತನೆಯನ್ನು ಓದಿ, ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲ ಒಬ್ಬರಿಗೆ ಫೋನ್ ಮಾಡಿ. ತರ್ಕ ಇನ್ನೊಂದು ದಿನಕ್ಕೆ ಕಾಯಬಲ್ಲದು.

ಇಷ್ಟಾದ ಮೇಲೆ, ಯಾರ ಉತ್ತರವನ್ನೂ ಓದುವ ಮುನ್ನ ಬೈಬಲ್ ಪಾಠವನ್ನು ಸ್ವತಃ ಓದಬೇಕು, ಆಕ್ಷೇಪಕ್ಕೆ ಒಳಗಾದ ಒಂದು ವಚನವನ್ನಷ್ಟೇ ಅಲ್ಲ, ಅದರ ಹಿಂದಿನ ಮುಂದಿನ ಅಧ್ಯಾಯಗಳನ್ನೂ ಓದಬೇಕು. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದಗಳು ಸಿಗುತ್ತವೆ, ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅನುವಾದಕರು ಎಲ್ಲಿ ತಡವರಿಸಿದ್ದಾರೆಂಬುದು ತಿಳಿಯುತ್ತದೆ. ಇಂಗ್ಲಿಷ್ ಓದಬಲ್ಲವರಿಗೆ ಎರಡು ಉಚಿತ ಸಾಧನಗಳು ಬಹಳ ಉಪಯುಕ್ತ: ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿದ ಸ್ಟೆಪ್ ಬೈಬಲ್‌ನಲ್ಲಿ ಹೀಬ್ರೂ ಅಥವಾ ಗ್ರೀಕ್ ಬಾರದವರೂ ಒಂದು ಪದದ ಹಿಂದಿನ ಮೂಲಪದವನ್ನು ಮುಟ್ಟಿ ನೋಡಬಹುದು, ನೆಟ್ ಬೈಬಲ್ ಎಂಬ ಅನುವಾದದಲ್ಲಿ 60,000ಕ್ಕೂ ಹೆಚ್ಚು ಟಿಪ್ಪಣಿಗಳಿದ್ದು, ಅನುವಾದಕರು ಒಂದು ಅರ್ಥವನ್ನು ಆರಿಸಿ ಇನ್ನೊಂದನ್ನು ಬಿಟ್ಟದ್ದೇಕೆ ಎಂದು ಅಲ್ಲಿ ವಿವರಿಸುತ್ತಾರೆ.

ಕನ್ನಡದಲ್ಲೇ ಹುಡುಕುವವರು ನಮ್ಮಲ್ಲಿ ಎರಡು ಪದಕೋಶಗಳಿವೆ ಎಂಬುದನ್ನು ಮರೆಯಬಾರದು. ಪ್ರೊಟೆಸ್ಟಂಟರು ಸುವಾರ್ತೆ ಎನ್ನುವುದನ್ನು ಕಥೋಲಿಕರು ಶುಭಸಂದೇಶ ಎನ್ನುತ್ತಾರೆ. ಇವರ ಯೋಹಾನ ಅವರಿಗೆ ಯೊವಾನ್ನ, ಇವರ ಅಪೊಸ್ತಲರು ಅವರಿಗೆ ಪ್ರೇಷಿತರು, ಇವರ ಯೆಹೋವ ಅವರಿಗೆ ಸರ್ವೇಶ್ವರ, ಇವರ ದೀಕ್ಷಾಸ್ನಾನ ಅವರಿಗೆ ಸ್ನಾನದೀಕ್ಷೆ. ಒಂದು ಪದದಿಂದ ಹುಡುಕಿದರೆ ಅರ್ಧ ಕ್ರೈಸ್ತ ಕನ್ನಡ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎರಡರಿಂದಲೂ ಹುಡುಕಿದ ಮೇಲೂ ಕನ್ನಡದಲ್ಲಿ ಸಿಗುವುದು ಬಹುಪಾಲು ಪ್ರಸಂಗ ಮತ್ತು ಧ್ಯಾನದ ಬರಹ, ಆಳವಾದ ಚರ್ಚೆ ಕಡಿಮೆ. ಇದನ್ನು ಹೇಳಲು ನನಗೆ ನೋವಾಗುತ್ತದೆ, ಏಕೆಂದರೆ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ಇದೇ ನೆಲದ ಕ್ರೈಸ್ತ ಮಿಷನ್ ಪರಂಪರೆಯಿಂದ. ಆದ್ದರಿಂದ ಇಂಗ್ಲಿಷ್ ಪುಟಗಳ ಕಡೆ ಹೋಗುವುದು ಅನಿವಾರ್ಯ. ಬ್ರೌಸರ್ ಮಾಡಿಕೊಡುವ ಯಂತ್ರಾನುವಾದವನ್ನು ಲೇಖನದ ಹಂದರ ತಿಳಿಯಲು ಮಾತ್ರ ಬಳಸಿ, ವಾದದ ಮುಖ್ಯ ವಾಕ್ಯಗಳನ್ನು ಇಂಗ್ಲಿಷ್ ಬಲ್ಲ ಒಬ್ಬರ ಜೊತೆ ಕುಳಿತು ಓದಿ.

ಈಗ ಉತ್ತರ ಕೊಡುವವರನ್ನು ಅಳೆಯುವ ಮಾತು. ಒಂದು ಜಾಲತಾಣಕ್ಕೆ ಹೋದೊಡನೆ ಲೇಖನಕ್ಕೆ ಮೊದಲು ಅವರ ಪರಿಚಯದ ಪುಟವನ್ನು ತೆರೆಯಿರಿ. ಬರೆಯುವವರು ಯಾರು, ಯಾವ ಸಭೆಯವರು, ಯಾವ ವಿಶ್ವಾಸಪ್ರಮಾಣಕ್ಕೆ ಬದ್ಧರು ಎಂಬುದು ಅಲ್ಲಿ ಇರಬೇಕು. ಗಾಟ್ ಕ್ವೆಶ್ಚನ್ಸ್ ಇವ್ಯಾಂಜೆಲಿಕಲ್ ಪ್ರೊಟೆಸ್ಟಂಟ್ ನಿಲುವಿನಿಂದಲೂ, ಕ್ಯಾಥೊಲಿಕ್ ಆನ್ಸರ್ಸ್ ಹೆಸರೇ ಹೇಳುವಂತೆ ಕಥೋಲಿಕ ನಿಲುವಿನಿಂದಲೂ ಉತ್ತರಿಸುತ್ತವೆ. ಒಂದೇ ಪ್ರಶ್ನೆಯನ್ನು ಎರಡರಲ್ಲೂ ಹಾಕಿದರೆ ಯಾವುದು ಎಲ್ಲ ಕ್ರೈಸ್ತರ ಮಾತು, ಯಾವುದು ಒಂದು ಪಂಥದ ಮಾತು ಎಂಬುದು ಹತ್ತು ನಿಮಿಷದಲ್ಲಿ ಸ್ಪಷ್ಟವಾಗುತ್ತದೆ. ಆದಿಕಾಂಡ ಮತ್ತು ವಿಜ್ಞಾನದ ವಿಷಯದಲ್ಲಿ ಇದು ಇನ್ನೂ ಅಗತ್ಯ: ಆನ್ಸರ್ಸ್ ಇನ್ ಜೆನೆಸಿಸ್ ಭೂಮಿಗೆ ಸುಮಾರು 6,000 ವರ್ಷ ಎನ್ನುತ್ತದೆ, ರೀಸನ್ಸ್ ಟು ಬಿಲೀವ್ ಭೂಮಿ ಬಹಳ ಹಳೆಯದೆಂದು ಒಪ್ಪಿ ಜೀವವಿಕಾಸವನ್ನು ಒಪ್ಪುವುದಿಲ್ಲ, ತಳಿವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್ 2007ರಲ್ಲಿ ಆರಂಭಿಸಿದ ಬಯೋಲೋಗೋಸ್ ಎರಡನ್ನೂ ಒಪ್ಪುತ್ತದೆ. ಮೂರೂ ಕಡೆ ಬರೆಯುವವರು ಬೈಬಲನ್ನು ದೇವರ ವಾಕ್ಯವೆಂದೇ ನಂಬುವವರು. ಇದು ಗೊತ್ತಿಲ್ಲದೆ ಒಂದನ್ನು ಮಾತ್ರ ಓದಿದ ಎಷ್ಟೋ ವಿದ್ಯಾರ್ಥಿಗಳು, ತಾವು ನಂಬಿಕೆ ಅಥವಾ ಜೀವಶಾಸ್ತ್ರ ಎರಡರಲ್ಲಿ ಒಂದನ್ನು ಬಿಡಲೇಬೇಕೆಂದು ಸುಮ್ಮನೆ ಸಂಕಟಪಡುತ್ತಾರೆ.

ಒಂದು ಸಭೆಯ ಅಧಿಕೃತ ಬೋಧನೆ ಏನೆಂಬುದೇ ಪ್ರಶ್ನೆಯಾಗಿದ್ದರೆ ಅದರ ಬಗ್ಗೆ ಬರೆದ ಮೂರನೆಯವರನ್ನು ಓದಬೇಡಿ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ (ಕ್ಯಾಟಕಿಸಂ) 2,865 ಪರಿಚ್ಛೇದಗಳೂ ವ್ಯಾಟಿಕನ್ನಿನ ಜಾಲತಾಣದಲ್ಲಿವೆ.

ಇನ್ನು ಯೆರಿಕೋವಿಗೆ ಮರಳುತ್ತೇನೆ, ಏಕೆಂದರೆ ಕ್ರಮವನ್ನು ವಿವರಿಸುವುದಕ್ಕಿಂತ ಮಾಡಿ ತೋರಿಸುವುದು ಲೇಸು. ಮೊದಲ ಉಪಪ್ರಶ್ನೆ: ಪಾಠ ಏನು ಹೇಳುತ್ತದೆ? ಯೆಹೋಶುವ 10:40ರಲ್ಲಿ ಉಸಿರಾಡುವ ಯಾರನ್ನೂ ಉಳಿಸಲಿಲ್ಲ ಎಂದಿದೆ. ಅದೇ ಗ್ರಂಥದ 13:1ರಲ್ಲಿ, ಸ್ವಾಧೀನಮಾಡಿಕೊಳ್ಳಬೇಕಾದ ದೇಶ ಇನ್ನೂ ಬಹಳ ಉಳಿದಿದೆ ಎಂದು ದೇವರು ಹೇಳುತ್ತಾನೆ. 10ನೆಯ ಅಧ್ಯಾಯದಲ್ಲಿ ದೆಬೀರ್ ಊರಿನವರೆಲ್ಲ ನಾಶವಾದರು. 15ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ವೀರ ಒತ್ನೀಯೇಲನು ಅದೇ ಊರನ್ನು ಮತ್ತೆ ಗೆಲ್ಲಬೇಕಾಗುತ್ತದೆ. ಧರ್ಮೋಪದೇಶಕಾಂಡದ ಏಳನೆಯ ಅಧ್ಯಾಯವಂತೂ ಕಾನಾನ್ ದೇಶದವರನ್ನು ಪೂರ್ತಿ ನಾಶಮಾಡಿ ಎಂದು ಹೇಳಿದ ಮರುವಚನದಲ್ಲೇ ಅವರೊಂದಿಗೆ ಮದುವೆಯ ಸಂಬಂಧ ಬೆಳೆಸಬೇಡಿ ಎನ್ನುತ್ತದೆ. ನಾಶವಾದವರೊಂದಿಗೆ ಯಾರು ಮದುವೆಯಾಗುತ್ತಾರೆ? ಈ ಎಳೆಗಳನ್ನು ಕಾಣಲು ಯಾವ ಪಂಡಿತರೂ ಬೇಕಿಲ್ಲ, ಒಂದು ಸಂಜೆಯ ಓದು ಸಾಕು. ಓದಿದ ಮೇಲೆ ನೀವು ಹುಡುಕುವ ಪದಗಳೇ ಬದಲಾಗುತ್ತವೆ: “ದೇವರು ಮಕ್ಕಳನ್ನು ಕೊಲ್ಲಿಸಿದನೇ” ಎಂಬುದರ ಬದಲು “ಪುರಾತನ ಸಮೀಪಪ್ರಾಚ್ಯದ ಯುದ್ಧವರ್ಣನೆಯ ಅತಿಶಯೋಕ್ತಿ” ಎಂದು ಹುಡುಕತೊಡಗುತ್ತೀರಿ.

ಆಗ ಕೈಗೆ ಸಿಗುವುದು ಬೇರೆಯದೇ ಆದ ಸಾಮಗ್ರಿ. ಈಜಿಪ್ಟಿನ ಅರಸ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ನೆಡಿಸಿದ ಶಾಸನದಲ್ಲಿ ಇಸ್ರಾಯೇಲು ಹಾಳಾಯಿತು, ಅದರ ಬೀಜವೇ ಇಲ್ಲ ಎಂದಿದೆ. 1868ರಲ್ಲಿ ಸಿಕ್ಕಿ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಕ್ರಿ.ಪೂ. ಒಂಬತ್ತನೆಯ ಶತಮಾನದ ಮೋವಾಬಿನ ಅರಸ ಮೇಷನ ಶಾಸನವೂ ಇಸ್ರಾಯೇಲು ಎಂದೆಂದಿಗೂ ನಾಶವಾಯಿತು ಎನ್ನುತ್ತದೆ. ಎರಡು ಸಲ ಹೀಗೆ ನಿರ್ನಾಮವಾದ ಜನ ಎರಡು ಸಲವೂ ಉಳಿದುಕೊಂಡರು. ಶಾಸನಗಳಲ್ಲಿ ಶತ್ರುವನ್ನು ಬೇರುಸಹಿತ ಕಿತ್ತೆಸೆದ ಅರಸರ ಬಿರುದುಗಳನ್ನು ಓದಿ ಬಲ್ಲ ಕನ್ನಡಿಗರಿಗೆ ಈ ಶೈಲಿ ಅಪರಿಚಿತವೇನಲ್ಲ. ಇದರ ಆಧಾರದ ಮೇಲೆ ಕ್ರೈಸ್ತ ತತ್ತ್ವಶಾಸ್ತ್ರಜ್ಞ ಪಾಲ್ ಕೋಪನ್ ಮೊದಲಾದವರು, ಯೆಹೋಶುವನ ಗ್ರಂಥದ ಮಾತುಗಳೂ ಆ ಕಾಲದ ಯುದ್ಧಭಾಷೆಯ ಅತಿಶಯೋಕ್ತಿ ಎಂದು ವಾದಿಸುತ್ತಾರೆ.

ಬಹಳ ಮಂದಿ ಹುಡುಕಾಟವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಇಲ್ಲಿ ಮನಸ್ಸಿಗೆ ಸಮಾಧಾನ ಸಿಗುತ್ತದೆ. ಸಮಾಧಾನ ಸಿಕ್ಕ ಕಡೆಯೇ ಇನ್ನೊಂದು ಹೆಜ್ಜೆ ಮುಂದಿಡಬೇಕು ಎಂಬುದು ನನ್ನ ಆಗ್ರಹ. ಅತಿಶಯೋಕ್ತಿಯೇ ಆಗಿದ್ದರೂ ಕಡಿಮೆ ಜನ ಸತ್ತರು ಎಂದಷ್ಟೇ ಆಗುತ್ತದೆ, ಯಾರೂ ಸಾಯಲಿಲ್ಲ ಎಂದಲ್ಲ. ಎರಿಕ್ ಸೀಬರ್ಟ್ ಅವರಂಥ ಕ್ರೈಸ್ತ ವಿದ್ವಾಂಸರು ಇದನ್ನೇ ಎತ್ತಿ ಹಿಡಿದು, ಪಾಠದಲ್ಲಿ ಚಿತ್ರಿತವಾದ ದೇವರಿಗೂ ನಿಜದ ದೇವರಿಗೂ ಅಂತರವಿದೆಯೆಂದೂ ಆ ಅಂತರವನ್ನು ಯೇಸುವಿನಿಂದ ಅಳೆಯಬೇಕೆಂದೂ ಹೇಳುತ್ತಾರೆ. ಬೈಬಲಿನ ಒಂದು ಭಾಗದಿಂದ ಇನ್ನೊಂದನ್ನು ಹೀಗೆ ತಿದ್ದುವ ಅಧಿಕಾರ ನಮಗೆ ಯಾರು ಕೊಟ್ಟರು ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಈ ಯುದ್ಧಗಳನ್ನು ಆತ್ಮದೊಳಗಿನ ಪಾಪದೊಂದಿಗಿನ ಹೋರಾಟವೆಂದು ಓದಿದ. ಆ ಹುಡುಗನ ತಳಮಳ ಇವತ್ತಿನದಲ್ಲ, ಸಾವಿರದ ಎಂಟುನೂರು ವರ್ಷಗಳಿಂದ ಭಕ್ತರ ಮನಸ್ಸಿನಲ್ಲಿರುವುದು ಎಂದು ತಿಳಿದಾಗ ನನಗೆ ನಿಜವಾಗಿ ಧೈರ್ಯ ಬಂತು. ಉತ್ಖನನದ ಪ್ರಶ್ನೆಯೂ ಹೀಗೆಯೇ: 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್, ಆ ಕೋಟೆಯೂರು ಕ್ರಿ.ಪೂ. 1550ರ ಸುಮಾರಿಗೆ ಹಾಳಾಗಿತ್ತೆಂದೂ ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ ಹೊತ್ತಿಗೆ ಅಲ್ಲಿ ಅಂಥ ಕೋಟೆ ಇರಲಿಲ್ಲವೆಂದೂ ತೀರ್ಮಾನಿಸಿದರು. 1990ರಲ್ಲಿ ಪುರಾತತ್ತ್ವಜ್ಞ ಬ್ರಯಂಟ್ ವುಡ್ ಆ ಕಾಲನಿರ್ಣಯವನ್ನು ಪ್ರಶ್ನಿಸಿದರು. ಬಹುತೇಕ ಪುರಾತತ್ತ್ವಜ್ಞರು ಕೆನ್ಯನ್ ಅವರ ಕಡೆಗೇ ಇದ್ದಾರೆ. ವುಡ್ ಅವರ ಹೆಸರನ್ನು ಮಾತ್ರ ಹೇಳುವ ತಾಣ, ಕೆನ್ಯನ್ ಅವರ ಹೆಸರನ್ನು ಮಾತ್ರ ಹೇಳುವ ತಾಣ, ಎರಡೂ ನಿಮಗೆ ಅರ್ಧ ಸತ್ಯವನ್ನೇ ಕೊಡುತ್ತಿವೆ.

ಒಳ್ಳೆಯ ಉತ್ತರದ ಗುರುತು ಇಲ್ಲಿಂದಲೇ ನನಗೆ ತಿಳಿದದ್ದು. ಎದುರಾಳಿಯ ವಾದವನ್ನು ಎದುರಾಳಿಯೇ ಒಪ್ಪುವ ಹಾಗೆ ಹೇಳಿ, ತನ್ನ ವಾದ ಎಲ್ಲಿ ದುರ್ಬಲ ಎಂಬುದನ್ನೂ ಬಿಚ್ಚಿಡುವ ಲೇಖಕ ಸಿಕ್ಕರೆ ಆ ಪುಟವನ್ನು ಉಳಿಸಿಕೊಳ್ಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಶ್ವಕೋಶ 1995ರಿಂದ ಉಚಿತವಾಗಿ ದೊರೆಯುತ್ತಿದ್ದು, ಅದರ ಪ್ರತಿಯೊಂದು ಲೇಖನವನ್ನೂ ಆ ವಿಷಯದ ತಜ್ಞರು ಪರಿಶೀಲಿಸಿರುತ್ತಾರೆ. ನೋವು ಮತ್ತು ಕೆಡುಕಿನ ಸಮಸ್ಯೆಯ ಬಗ್ಗೆ ಅಲ್ಲಿರುವ ಲೇಖನವನ್ನು ಬರೆದ ಮೈಕೆಲ್ ಟೂಲಿ ನಾಸ್ತಿಕರು. ಆದರೂ ಅದನ್ನು ವಿಶ್ವಾಸಿಗಳು ಓದಬೇಕು. 1955ರಲ್ಲಿ ತತ್ತ್ವಶಾಸ್ತ್ರಜ್ಞ ಜೆ.ಎಲ್. ಮ್ಯಾಕಿ, ಸರ್ವಶಕ್ತನೂ ಒಳ್ಳೆಯವನೂ ಆದ ದೇವರು ಮತ್ತು ಕೆಡುಕು ಒಟ್ಟಿಗೆ ಇರುವುದೇ ತರ್ಕವಿರುದ್ಧ ಎಂದರು. 1974ರಲ್ಲಿ ಆಲ್ವಿನ್ ಪ್ಲಾಂಟಿಂಗ ಮನುಷ್ಯನ ಸ್ವತಂತ್ರ ಇಚ್ಛೆಯನ್ನು ಮುಂದಿಟ್ಟು ಅದಕ್ಕೆ ಉತ್ತರ ಕೊಟ್ಟರು. 1979ರಲ್ಲಿ ವಿಲಿಯಂ ರೋ, ತರ್ಕವಿರುದ್ಧವಲ್ಲದಿದ್ದರೂ ಅರ್ಥವಿಲ್ಲದಂತೆ ಕಾಣುವ ಇಷ್ಟೊಂದು ನೋವು ದೇವರಿಲ್ಲ ಎಂಬುದಕ್ಕೆ ಪುರಾವೆಯಾಗುತ್ತದೆ ಎಂದು ವಾದವನ್ನು ಬೇರೆ ದಿಕ್ಕಿಗೆ ತಿರುಗಿಸಿದರು. ಪ್ಲಾಂಟಿಂಗ ಗೆದ್ದರು ಎಂದಷ್ಟೇ ಹೇಳಿ ರೋ ಅವರನ್ನು ಮುಚ್ಚಿಡುವ ವಿಡಿಯೊಗಳು ನಿಮ್ಮ ಮಕ್ಕಳನ್ನು ಕಾಲೇಜಿನ ಮೊದಲ ವರ್ಷದಲ್ಲೇ ಕೈಬಿಡುತ್ತವೆ.

ಹೊಸ ಒಡಂಬಡಿಕೆಯ ಪಾಠಭೇದಗಳ ವಿಷಯದಲ್ಲಿ ವಿಶ್ವಾಸ ಬಿಟ್ಟ ವಿದ್ವಾಂಸ ಬಾರ್ಟ್ ಎರ್ಮನ್ ಮತ್ತು ವಿಶ್ವಾಸಿ ವಿದ್ವಾಂಸ ಡೇನಿಯಲ್ ವಾಲೇಸ್ ಅವರನ್ನು ಜೊತೆಯಾಗಿ ಓದಿ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಸುಮಾರು 1,38,000 ಪದಗಳಿದ್ದರೆ ಹಸ್ತಪ್ರತಿಗಳ ನಡುವಿನ ವ್ಯತ್ಯಾಸಗಳು ಹಲವು ಲಕ್ಷ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ, ಬಹುಪಾಲು ಕಾಗುಣಿತದಂಥ ಸಣ್ಣವು ಎಂಬುದನ್ನೂ ಒಪ್ಪುತ್ತಾರೆ. ಭಿನ್ನಾಭಿಪ್ರಾಯ ಇರುವುದು ಉಳಿದವುಗಳ ತೂಕದಲ್ಲಿ. ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯ ಚಿತ್ರಗಳು 2009ರಿಂದ ಎಲ್ಲರಿಗೂ ತೆರೆದಿವೆ. ನಮ್ಮ ಬೈಬಲಿನಲ್ಲಿ 16:20ರವರೆಗೆ ಇರುವ ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಉದ್ಧರಣೆಗಳನ್ನು ಬೆನ್ನಟ್ಟುವ ಅಭ್ಯಾಸವೂ ಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಮುಂದಕ್ಕೆ ಕಳಿಸುವ ಸಂದೇಶಗಳಿಂದ ವಿಶ್ವಾಸಿಗಳೂ ಆಕ್ಷೇಪಕರೂ ಸಮಾನವಾಗಿ ಮೋಸಹೋಗುತ್ತಿದ್ದಾರೆ. 325ರ ನೈಸೀಯ ಮಹಾಸಭೆಯಲ್ಲಿ ಬೈಬಲಿನ ಪುಸ್ತಕಗಳನ್ನು ಆರಿಸಲಾಯಿತು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ಸಭೆಯ 20 ನಿಯಮಗಳೂ ಅಂತರಜಾಲದಲ್ಲಿವೆ, ಒಂದರಲ್ಲೂ ಆ ವಿಷಯ ಇಲ್ಲ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಪತ್ರದಲ್ಲಿ ಕಾಣುತ್ತದೆ. ಅಸಂಬದ್ಧವಾದ್ದರಿಂದಲೇ ನಂಬುತ್ತೇನೆ ಎಂದು ಆದಿಸಭೆಯ ಲೇಖಕ ತೆರ್ತುಲಿಯನ್ ಹೇಳಿದನೆಂದು ಕ್ರೈಸ್ತರನ್ನು ಹಂಗಿಸುವವರು ಬರೆಯುತ್ತಾರೆ, ಆದರೆ ಆ ವಾಕ್ಯ ಅವನ ಬರಹದಲ್ಲಿ ಆ ರೂಪದಲ್ಲಿ ಇಲ್ಲ. ಕ್ರಿಸ್ತನ ದೇಹದ ಬಗ್ಗೆ ಅವನು ಬರೆದ ಪ್ರಬಂಧದ ಐದನೆಯ ಅಧ್ಯಾಯದಲ್ಲಿರುವ ಮಾತನ್ನು ಸುತ್ತಲಿನ ವಾದದೊಂದಿಗೆ ಓದಿದರೆ ಅವನು ಬುದ್ಧಿಯನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ ಎಂಬುದು ಕಾಣುತ್ತದೆ. ಇಂಥ ಆದಿ ಸಭಾಪಿತೃಗಳ ಬರಹಗಳ ಇಂಗ್ಲಿಷ್ ಅನುವಾದಗಳು ಕ್ರಿಶ್ಚಿಯನ್ ಕ್ಲಾಸಿಕ್ಸ್ ಈಥೀರಿಯಲ್ ಲೈಬ್ರರಿ ಎಂಬ ತಾಣದಲ್ಲಿ ಉಚಿತವಾಗಿವೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದ ಹಿರಿಯರ ಮಾತು ಮೊಬೈಲ್ ಪರದೆಗೆ ಹೇಳಿ ಮಾಡಿಸಿದಂತಿದೆ. ಪ್ರಶ್ನೆ ಕೇಳಿದೊಡನೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅವು ವಾದಗಳ ಪಟ್ಟಿಯನ್ನು ಚೆನ್ನಾಗಿ ಕೊಡುತ್ತವೆ, ಆದರೆ ಇಲ್ಲದ ಪುಸ್ತಕವನ್ನೂ ಆಡದ ಮಾತನ್ನೂ ಅಷ್ಟೇ ಸಲೀಸಾಗಿ ಹೇಳಬಲ್ಲವು. ಪ್ರತಿ ವಚನಸಂಖ್ಯೆಯನ್ನೂ ಬೈಬಲ್ ತೆರೆದು ನೋಡಿ. ನಿಮ್ಮ ಸಂಶಯಕ್ಕೆ ಉತ್ತರ ಹೇಳುವ ಮೊದಲೇ ಫೋನ್ ನಂಬರನ್ನೋ ಕಾಣಿಕೆಯನ್ನೋ ಕೇಳುವ ತಾಣವನ್ನು ಅಲ್ಲಿಗೇ ಮುಚ್ಚಿ.

ನಮ್ಮ ನೆಲದ್ದೇ ಆದ ಒಂದು ಪ್ರಶ್ನೆಗೆ ಪಾಶ್ಚಾತ್ಯ ತಾಣಗಳಲ್ಲಿ ಸಿಗುವ ಉತ್ತರ ಸಾಲದು: ಯೇಸುವಿನ ಹೆಸರನ್ನೇ ಕೇಳದೆ ತೀರಿಹೋದ ನಮ್ಮ ಅಜ್ಜ ಅಜ್ಜಿಯರ ಗತಿಯೇನು? ಅಲ್ಲಿನವರು ಇದನ್ನು ದೂರದ ದ್ವೀಪದ ಯಾವನೋ ಒಬ್ಬನ ಬಗ್ಗೆ ಕೇಳಿಕೊಳ್ಳುತ್ತಾರೆ. ನಮಗೆ ಅದು ಗೋಡೆಯ ಮೇಲೆ ಹೂಮಾಲೆ ಹಾಕಿದ ಫೋಟೊದಲ್ಲಿರುವ ಮುಖ. ಯೇಸುವಿನ ಹೆಸರಲ್ಲದೆ ಬೇರಾವ ಹೆಸರಿನಿಂದಲೂ ರಕ್ಷಣೆಯಿಲ್ಲ ಎನ್ನುವ ಅಪೊಸ್ತಲರ ಕೃತ್ಯಗಳು 4:12ನ್ನು ಮುಂದಿಡುವವರು, ಧರ್ಮಶಾಸ್ತ್ರವಿಲ್ಲದ ಜನರ ಹೃದಯದಲ್ಲೂ ಅದರ ಮಾತು ಬರೆದಿದೆ ಎನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 2:14ರಿಂದ 16ರವರೆಗಿನ ವಚನಗಳನ್ನೂ, ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡಿಸುವನಲ್ಲವೇ ಎಂದು ಅಬ್ರಹಾಮನು ಆದಿಕಾಂಡ 18ರಲ್ಲಿ ಕೇಳುವುದನ್ನೂ ಮುಂದಿಟ್ಟಿದ್ದಾರೆಯೇ ನೋಡಿ. ಹದಿನೇಳನೆಯ ಶತಮಾನದ ಪ್ರೊಟೆಸ್ಟಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಇಲ್ಲಿ ಕಟ್ಟುನಿಟ್ಟಾಗಿ ಬಾಗಿಲು ಮುಚ್ಚುತ್ತದೆ. ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಲೂಮೆನ್ ಜೆನ್ಸಿಯುಮ್ ಎಂಬ ದಾಖಲೆಯ 16ನೆಯ ಪರಿಚ್ಛೇದ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ಪ್ರಾಮಾಣಿಕವಾಗಿ ದೇವರನ್ನು ಅರಸಿದವರಿಗೆ ರಕ್ಷಣೆ ಸಾಧ್ಯ ಎನ್ನುತ್ತದೆ. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯ ಪ್ರಾಂಶುಪಾಲರಾಗಿ, ಮುಂದೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಅನ್ಯಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರಾದ ಸ್ಟ್ಯಾನ್ಲಿ ಸಮರ್ಥ, ದೇವರನ್ನು ಒಂದೇ ಧರ್ಮದ ಗಡಿಯೊಳಗೆ ಕಟ್ಟಲಾಗದೆಂದು ಬರೆದರು. ಮಧುರೈ ಮತ್ತು ಮದ್ರಾಸಿನಲ್ಲಿ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಕ್ರಿಸ್ತನ ಅನನ್ಯತೆಯನ್ನು ಬಿಡದೆ ಹಿಡಿದು, ಕೊನೆಗೆ ಯಾರು ರಕ್ಷಣೆ ಹೊಂದುವರೆಂದು ಹೇಳುವ ಹಕ್ಕು ದೇವರೊಬ್ಬನದೇ ಎಂದರು. ಈ ಇಬ್ಬರನ್ನೂ ಒಟ್ಟಿಗೆ ಓದಿ. ನನ್ನ ಮನಸ್ಸು ನ್ಯೂಬಿಗಿನ್ ಕಡೆಗೆ ವಾಲುತ್ತದೆ, ಆದರೆ ಅಜ್ಜಿಯ ಮುಖವನ್ನು ಮರೆಯದೆ ಬರೆದವರು ಸಮರ್ಥ ಎಂದು ನನಗೆ ಅನಿಸುತ್ತದೆ.

ಇವರ ಪುಸ್ತಕಗಳೆಲ್ಲ ಅಂತರಜಾಲದಲ್ಲಿ ಉಚಿತವಾಗಿ ಸಿಗುವುದಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇವುಗಳ ಗ್ರಂಥಾಲಯಗಳಿಗೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ. ನಿಮ್ಮ ಸಭಾಪಾಲಕರನ್ನೋ ಗುರುಗಳನ್ನೋ ಕಾಣಲು ಹೋಗುವಾಗ ಬರೀ ಪ್ರಶ್ನೆಯನ್ನು ಒಯ್ಯಬೇಡಿ; ಓದಿದ ಎರಡು ಪರಸ್ಪರ ವಿರುದ್ಧ ಉತ್ತರಗಳನ್ನು ಮುದ್ರಿಸಿಕೊಂಡು ಹೋಗಿ, ಇವುಗಳಲ್ಲಿ ಯಾವುದು ಎಲ್ಲಿ ಎಡವಿದೆ ಎಂದು ಕೇಳಿ. ಹಾಗೆ ಕೇಳಿದಾಗ ನಮ್ಮ ಸಭಾಪಾಲಕರು ಸಂಶಯಕ್ಕಾಗಿ ನನ್ನನ್ನು ಗದರಿಸಲಿಲ್ಲ, ಎದ್ದು ಹೋಗಿ ತಮ್ಮ ಕಪಾಟಿನಿಂದ ಎರಡು ವ್ಯಾಖ್ಯಾನಗಳನ್ನು ತಂದು ಮೇಜಿನ ಮೇಲಿಟ್ಟರು.

ಮೂರು ತಿಂಗಳ ನಂತರ ನಾನು ಆ ಹುಡುಗನಿಗೆ ಮೊದಲು ಕ್ಷಮೆ ಕೇಳಿ, ಆಮೇಲೆ ಶಾಸನಗಳ ಚಿತ್ರಗಳನ್ನೂ ದೆಬೀರ್ ಊರಿನ ಎರಡು ವೃತ್ತಾಂತಗಳನ್ನೂ ತೋರಿಸಿದೆ. ಅವನು ಎಲ್ಲವನ್ನೂ ಗಮನವಿಟ್ಟು ನೋಡಿ, “ಅಂದರೆ ಇನ್ನೂ ಪೂರ್ತಿ ಉತ್ತರ ಇಲ್ಲ, ಅಲ್ಲವಾ ಟೀಚರ್?” ಎಂದ. ಇಲ್ಲ ಎಂದೆ. ಅವನು ನೋಟ್‌ಬುಕ್ ತೆಗೆದು ದಿನಾಂಕ ಹಾಕಿ, ಸೀಬರ್ಟ್ ಮತ್ತು ಕೋಪನ್ ಅವರ ಹೆಸರುಗಳನ್ನು ಬರೆದುಕೊಂಡು, ನ್ಯಾಯಸ್ಥಾಪಕರು ಗ್ರಂಥವನ್ನು ಯಾವಾಗ ಶುರುಮಾಡುತ್ತೀರಿ ಎಂದು ಕೇಳಿದ.